ವಿಗ್ ಕಳಚದೇ ಇರೋ ಸಿನಿಮಾ

(ಕಳೆದ ಸಂಚಿಕೇಲಿ 'ಪಿಂಕ್ ಫ್ಲೆಮಿಂಗೋಸ್' ಅನ್ನೋ ಅಮೆರಿಕದ ಸಿನಿಮಾ ಬಗ್ಗೆ ಬಂದ ಲೇಖನ ಓದಿ ತುಮಕೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದಾರೆ: "ನಮ್ಮ ಹೀರೋ ಸೀರೆ ಉಟ್ಟು ನಗಿಸಿದ್ರೆ ನೀವು ಬೈತೀರಿ, ಅಮೆರಿಕದಲ್ಲಿ ಹೆಣ್ಣುವೇಷದವನು ನಾಯಿ ಕಕ್ಕ ತಿಂದ್ರೆ ಹೊಗಳ್ತೀರಿ. ಚಂದಾ ನಿಲ್ಲಿಸ್ತೀನಿ.")

ಮೇಷ್ಟ್ರೇ, ಸರಿಯಾಗೇ ಹಿಡಿದ್ರಿ. ಆ ಕಕ್ಕದ ಸೀನಲ್ಲಿ ಟ್ರಿಕ್ ಏನೂ ಇಲ್ಲ, ನಿಜವಾಗ್ಲೂ ತಿಂದಿದ್ದೇ. ಆದ್ರೆ ಬರೀ ಅದೊಂದೇ ಇದ್ದಿದ್ರೆ 1972ರ ಸಿನಿಮಾನ ಜನ 73ಕ್ಕೇ ಮರೀತಿದ್ರು, ನ್ಯೂಯಾರ್ಕಿನ ಎಲ್ಜಿನ್ ಥಿಯೇಟರಲ್ಲಿ ಮಧ್ಯರಾತ್ರಿ ಆಟಕ್ಕೆ ಮತ್ತೆ ಮತ್ತೆ ಬರ್ತಿರ್ಲಿಲ್ಲ.

ನಮ್ಮ ಸೀರೆ ಕಾಮಿಡೀಲಿ ಏನಾಗುತ್ತೆ ನೋಡಿ, ವಿಲನ್ನು ಮರುಳಾಗ್ತಾನೆ, ವಿಗ್ ಬೀಳುತ್ತೆ, ಥಿಯೇಟರ್ ಗೊಳ್ ಅನ್ನುತ್ತೆ, ಸದ್ಯ ಇವನು ಗಂಡಸೇ ಅಂತ ಎಲ್ಲರಿಗೂ ಸಮಾಧಾನ. ನಿರ್ದೇಶಕ ಜಾನ್ ವಾಟರ್ಸ್‌ರ ಈ ಸಿನಿಮಾದಲ್ಲಿ ಆ ವಿಗ್ ಬೀಳೋ ಸೀನೇ ಇಲ್ಲ. ನೀವು ಹೇಳಿದ ಆ ಹೆಣ್ಣುವೇಷದ ನಟ ಡಿವೈನ್ ಅಲ್ಲಿ ಹೆಂಗಸು, ಮುಗೀತು. (ಕಂಪನಿ ನಾಟಕದ ಸ್ತ್ರೀಪಾತ್ರಾನ ನಮ್ಮ ಅಜ್ಜಂದಿರೂ ಹಾಗೇ ನೋಡ್ತಿದ್ರಲ್ವಾ?) ಮೇಕಪ್‌ ಮಾಡೋ ವ್ಯಾನ್ ಸ್ಮಿತ್, ಹುಬ್ಬು ಬರೆಯೋಕೆ ಹಣೆ ಸಾಲಲ್ಲ ಅಂತ ಮುಂದಲೆ ಕೂದಲನ್ನೇ ಬೋಳಿಸಿಬಿಟ್ಟ. ಚೆಂದ ಕಾಣಲಿ ಅಂತಲ್ಲ, ನೋಡಿದೋರು ಹೆದರಲಿ ಅಂತ.

ಕಥೆ ಏನು ಅಂದ್ರೆ ಜಗತ್ತಲ್ಲೇ ಅತಿ ಗಲೀಜು ಮನುಷ್ಯರು ಯಾರು ಅನ್ನೋ ಪೈಪೋಟಿ. ಎದುರಾಳಿ ದಂಪತಿ ನೋಡೋಕೆ ಮನೆಮಠ ಇರೋರು, ಒಳಗೆ ಹುಡುಗೀರನ್ನ ಕೂಡಿಹಾಕಿ ಮಗು ಮಾರೋ ದಂಧೆ. ಡಿವೈನ್‌ದು ಟ್ರೇಲರ್ ಮನೆ, ಅಲ್ಲಿ ಕೂಸಿನ ತೊಟ್ಟಿಲಂಥ ಕಟಾಂಜನದೊಳಗೆ ಕೂತು ಮೊಟ್ಟೆ ಮೊಟ್ಟೆ ಅಂತ ಜಪ ಮಾಡೋ ದಪ್ಪ ಅಮ್ಮ, ಕೊನೆಗೆ ಮೊಟ್ಟೆ ಮಾರೋನೇ ಅವಳನ್ನ ಮದುವೆಯಾಗಿ ತಳ್ಳೋ ಗಾಡೀಲಿ ಕೂರಿಸ್ಕೊಂಡು ಹೋಗ್ತಾನೆ. ಆ ಗಲೀಜು ಮನೇಲೇ ಪ್ರೀತಿ ಇರೋದು ಅನ್ನೋದು ನನಗೆ ಎರಡನೇ ಸಲ ನೋಡಿದಾಗ ಹೊಳೀತು. "ನಾವೂ ನಿಮ್ಮ ಥರಾನೇ ಮರ್ಯಾದಸ್ತರು, ಒಪ್ಕೊಳಿ" ಅಂತ ಇಲ್ಲಿ ಯಾರೂ ಕೈ ಮುಗಿಯಲ್ಲ, ಸಲಿಂಗಿಗಳನ್ನ ಪಾಪ ಅನ್ನಿಸೋ ಹಾಗೆ ಸಾಯಿಸೋ ಸಿನಿಮಾ ನೋಡಿ ಸಾಕಾದೋರಿಗೆ ಇದೇ ದೊಡ್ಡ ಖುಷಿ.

ಕೋಳಿ ಸಾಯಿಸೋ ಸೀನು ಮಾತ್ರ ನನಗೆ ಈಗ್ಲೂ ಆಗಲ್ಲ, ಅದನ್ನ ಸಮರ್ಥಿಸೋಕೂ ಹೋಗಲ್ಲ. ಆದ್ರೂ 2021ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು ಇದನ್ನ ಕಾಪಾಡಬೇಕಾದ ಸಿನಿಮಾಗಳ ಪಟ್ಟಿಗೆ ಹಾಕ್ತು!

ಚಂದಾ ನಿಲ್ಲಿಸೋ ಮುಂಚೆ ಅದೇ ಜೋಡಿಯ 1988ರ 'ಹೇರ್‌ಸ್ಪ್ರೇ' ನೋಡಿ. ಅದರಲ್ಲಿ ಡಿವೈನ್ ಊರವರ ಬಟ್ಟೆ ಇಸ್ತ್ರಿ ಮಾಡೋ ತಾಯಿ, ಅದು ರಿಲೀಸಾದ ಕೆಲವೇ ದಿನಕ್ಕೆ ಡಿವೈನ್ 42ನೇ ವಯಸ್ಸಲ್ಲೇ ತೀರ್ಕೊಂಡ್ರು. ಮೊಮ್ಮಕ್ಕಳ ಜೊತೆ ಕೂತು ನೋಡಬಹುದು. ಇನ್ನೊಂದನ್ನ ಮಾತ್ರ ಊಟ ಆದ ತಕ್ಷಣ ಹಾಕ್ಬೇಡಿ.

— ಸಂಪಾದಕ