ಮಾರ್ಕ್ಸ್ ಓದಿದರೆ ಅಡಿಕೆ ಸುಲಿಯೋಕೆ ಬರುತ್ತಾ?

ಪ್ರಶ್ನೆ: ಸರ್, ನಾನು ಶಿವಮೊಗ್ಗದಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಮಾರ್ಕ್ಸ್, ವೆಬರ್, ಡರ್ಖೈಮ್ ಸತ್ತು ನೂರು ವರ್ಷ ದಾಟಿತು. ಅವರು ಕಂಡಿದ್ದು ಹೊಗೆ ಕಾರುವ ಕಾರ್ಖಾನೆ. ಈಗ ಕೆಲಸ ಕೊಡುವುದು ಮೊಬೈಲ್ ಆ್ಯಪ್. ಪರೀಕ್ಷೆ ಬಿಟ್ಟರೆ ಇವರನ್ನು ಯಾಕೆ ಓದಬೇಕು? 'ಅದನ್ನ ಓದಿದರೆ ಅಡಿಕೆ ಸುಲಿಯೋಕೆ ಬರುತ್ತಾ' ಅಂತ ಅಪ್ಪಯ್ಯ ಬೇರೆ ಕೇಳುತ್ತಾರೆ.
– ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಅಪ್ಪಯ್ಯನ ಪ್ರಶ್ನೆ ನಿಮ್ಮದಕ್ಕಿಂತ ಚೆನ್ನಾಗಿದೆ, ಅದನ್ನೇ ಹಿಡಿಯೋಣ.

ಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರನ್ನು ನೋಡಿದ್ದೀರಲ್ವಾ? ಸುಲಿದದ್ದನ್ನು ತೂಗಿ ಕೆಜಿ ಲೆಕ್ಕದಲ್ಲಿ ದುಡ್ಡು. ಬೇಗ ಸುಲೀರಿ ಅಂತ ಯಾರೂ ಬೈಯಬೇಕಾಗಿಲ್ಲ. ಕಣ್ಣು ಎಳೆಯುತ್ತಿದ್ದರೂ ಇನ್ನೊಂದು ಬುಟ್ಟಿಯನ್ನು ಅವರೇ ಹತ್ತಿರ ಎಳೆದುಕೊಳ್ಳುತ್ತಾರೆ. 1867ರಲ್ಲಿ ಬಂದ 'ಬಂಡವಾಳ'ದ ಮೊದಲ ಸಂಪುಟದಲ್ಲಿ ಮಾರ್ಕ್ಸ್ ಇದಕ್ಕೇ ಅಂತ ಒಂದು ಅಧ್ಯಾಯ ಬರೆದಿದ್ದಾನೆ. ದಿನಗೂಲಿ ಬಿಟ್ಟು ಮಾಡಿದ ಕೆಲಸ ಎಣಿಸಿ ಕೊಟ್ಟರೆ ಮೇಲೆ ನಿಂತು ನೋಡುವವನೇ ಬೇಡ, ಆಳು ತನ್ನನ್ನು ತಾನೇ ದುಡಿಸಿಕೊಳ್ಳುತ್ತಾನೆ, ಹೊತ್ತು ಮೀರಿ ದುಡಿದರೆ ತನಗೇ ಲಾಭ ಅಂದುಕೊಳ್ಳುತ್ತಾನೆ, ಎಲ್ಲರೂ ಹಾಗೇ ದುಡಿಯಲು ಶುರು ಮಾಡಿದಾಗ ದರವೇ ಕೆಳಗೆ ಬರುತ್ತದೆ, ನಡುವೆ ಒಬ್ಬ ಮಧ್ಯವರ್ತಿ ಬಂದು ಕೂರುವುದಕ್ಕೂ ಸಲೀಸು. ಈಗ ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ಮಳೆಗೆ ನೆನೆಯುತ್ತಾ ಬೈಕ್ ಮೇಲೆ ಕಾಯುವ ಡೆಲಿವರಿ ಹುಡುಗನನ್ನು ಮಾತಾಡಿಸಿ. ಆರ್ಡರಿಗೆ ಇಷ್ಟು ಅಂತ ದುಡ್ಡು, ಬೈಯಲು ಬಾಸ್ ಇಲ್ಲ. ಆದರೂ ಮನೆಗೆ ಹೋಗಲು ಅವನಿಗೆ ಮನಸ್ಸು ಬರುವುದಿಲ್ಲ. ಮಾರ್ಕ್ಸ್ ಬರೆದದ್ದರಲ್ಲಿ ಏನು ಹಳತಾಗಿದೆ ಹೇಳಿ?

ಹಾಗಂತ ಮಾರ್ಕ್ಸ್ ಒಬ್ಬನನ್ನೇ ಕಟ್ಟಿಕೊಂಡು ಕೂತರೆ ನಮ್ಮ ಕಾಗೋಡು ಸತ್ಯಾಗ್ರಹ ಅರ್ಥವಾಗುವುದಿಲ್ಲ. 1951ರಲ್ಲಿ ಸಾಗರದ ಆ ಹಳ್ಳಿಯ ಗೇಣಿದಾರರು ಎದ್ದು ನಿಂತದ್ದು ಗೇಣಿ ಭತ್ತ ಅಳೆಯುವ ಕೊಳಗದ (ಅಳತೆ ಪಾತ್ರೆಯ) ವಿಷಯಕ್ಕೆ, ನಿಜ. ಆದರೆ ಗೇಣಿ ಮಾಡುತ್ತಿದ್ದ ದೀವರ ಜಾತಿ ಬೇರೆ, ಒಡೆಯರ ಜಾತಿ ಬೇರೆ. ಭತ್ತದಷ್ಟೇ ಮರ್ಯಾದೆಯೂ ಅಲ್ಲಿ ದೊಡ್ಡ ವಿಷಯ. ದುಡ್ಡಿನ ಲೆಕ್ಕ ಬೇರೆ, ಸ್ಥಾನಮಾನದ ಲೆಕ್ಕ ಬೇರೆ ಅಂತ ವೆಬರ್ ಬಿಡಿಸಿ ತೋರಿಸುತ್ತಾನೆ. (ಭಾರತಕ್ಕೆ ಕಾಲಿಡದೆ, ಅನುವಾದಗಳನ್ನು ಓದಿ ನಮ್ಮ ಧರ್ಮಗಳ ಬಗ್ಗೆ ಪುಸ್ತಕ ಬರೆದವನು ಅವನು. ಅಲ್ಲಿ ಹೇಳಿದ್ದಕ್ಕೆಲ್ಲ ಸುಮ್ನೆ ತಲೆಯಾಡಿಸಬೇಡಿ.)

ಡರ್ಖೈಮ್ ನನಗೆ ಸ್ವಲ್ಪ ಸಪ್ಪೆ. ಆದರೂ ಶ್ರಮವಿಭಜನೆಯ ಬಗ್ಗೆ ಅವನು ಬರೆದ 1893ರ ಪುಸ್ತಕದಲ್ಲಿ ಒಂದು ಗಟ್ಟಿ ಮಾತಿದೆ: ಯಾವ ಒಪ್ಪಂದವೂ ಬರೀ ಒಪ್ಪಂದದ ಮೇಲೆ ನಿಲ್ಲುವುದಿಲ್ಲ, ಅದರ ಹಿಂದೆ ಸಮಾಜದ ಕಟ್ಟುಪಾಡು ಇರಬೇಕು. ಬಾಯಿಮಾತಿನಲ್ಲಿ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟ ತೋಟದವರನ್ನು ಕೇಳಿ, ಇದನ್ನು ಅವರೇ ಜಾಸ್ತಿ ಚೆನ್ನಾಗಿ ವಿವರಿಸುತ್ತಾರೆ.

ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಮಾರ್ಕ್ಸ್‌ನ ಆ ಅಧ್ಯಾಯವೊಂದನ್ನು ಓದಿಕೊಂಡು, ಸುಲಿಯುವ ಮೆಷಿನ್ ಬಂದಿರುವ ನಾಲ್ಕು ಮನೆಗೆ ಹೋಗಿ. ಮೊದಲು ಅಲ್ಲಿ ಮೆಟ್ಟುಗತ್ತಿ ಮುಂದೆ ಕೂರುತ್ತಿದ್ದ ಹೆಂಗಸರು ಈಗ ಎಲ್ಲಿ ದುಡಿಯುತ್ತಿದ್ದಾರೆ, ಯಾವ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದಾರೆ ಅಂತ ವಿಚಾರಿಸಿ ಬರೆಯಿರಿ.