ಹ್ಯಾಂಡಲ್‌ಗೆ ಟಾರ್ಚ್ ಕಟ್ಟುವ ಮುನ್ನ

ಪ್ರಶ್ನೆ: ಕೆಲಸ ಮುಗಿಸಿ ರಾತ್ರಿ ಸೈಕಲ್‌ನಲ್ಲಿ ಮನೆಗೆ ಬರುತ್ತೇನೆ. ಅರ್ಧ ದಾರಿಗೆ ಬೀದಿದೀಪವಿಲ್ಲ. ಒಳ್ಳೆಯ ಹೆಡ್‌ಲೈಟ್ ದುಬಾರಿ. ಅಗ್ಗದ ಟಾರ್ಚನ್ನೇ ಹ್ಯಾಂಡಲ್‌ಗೆ ಕಟ್ಟಿಕೊಂಡರೆ ನಡೆಯುತ್ತದೆಯೇ? ‘10,000 ಲ್ಯುಮೆನ್’ ಎಂದು ಬರೆದಿರುವ ಒಂದನ್ನು ನೋಡಿಟ್ಟಿದ್ದೇನೆ.

ಉತ್ತರ: ಧಾರಾಳವಾಗಿ ನಡೆಯುತ್ತದೆ. ಲ್ಯುಮೆನ್ ಎಂದರೆ ದೀಪದಿಂದ ಹೊರಬರುವ ಒಟ್ಟು ಬೆಳಕಿನ ಅಳತೆ. ಆ ಹತ್ತು ಸಾವಿರವನ್ನು ಮಾತ್ರ ಮರೆತುಬಿಡಿ. ಒಂದೇ ಸೆಲ್ಲಿನ ಅಗ್ಗದ ಟಾರ್ಚಿನಿಂದ ಅಷ್ಟು ಬೆಳಕು ಬರುವುದಿಲ್ಲ. ಜೊತೆಗೆ ಬರುವ, 18650 ಎಂಬ ರೀಚಾರ್ಜ್ ಸೆಲ್ಲಿನ ಮೇಲೆ 9,900 ಎಂಎಎಚ್ (ಸೆಲ್ ಹಿಡಿದಿಡುವ ವಿದ್ಯುತ್ತಿನ ಅಳತೆ) ಎಂದಿದೆಯೇ ನೋಡಿ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಆ ಸೆಲ್ ಒಳ್ಳೆಯದಾದರೂ ಸಾಮಾನ್ಯವಾಗಿ 3,500ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಸೆಲ್ಲಿನ ಬಗ್ಗೆ ಬುರುಡೆ ಬಿಟ್ಟವರು ಬೆಳಕಿನ ಬಗ್ಗೆ ನಿಜ ಹೇಳುತ್ತಾರೆಯೇ?

ನಿಮಗೆ ಬೇಕಾದದ್ದು ನಿಜವಾದ 300 ಲ್ಯುಮೆನ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತೀರಿ. ಗುಂಡಿ ಕಂಡು ಬ್ರೇಕ್ ಹಿಡಿದು ನಿಲ್ಲುವಷ್ಟರಲ್ಲಿ ಸುಮಾರು ಹತ್ತು ಮೀಟರ್ ಕಳೆದಿರುತ್ತದೆ. ಹದಿನೈದು ಮೀಟರ್ ತನಕ ರಸ್ತೆ ಕಂಡರೆ ಸಾಕು.

ಸೈಕಲ್ ಮೇಲೆ ಟಾರ್ಚಿನ ನಿಜವಾದ ಶತ್ರು ಕುಲುಕಾಟ. ನನ್ನ ಮೊದಲ ಟಾರ್ಚಿನಲ್ಲಿ ಮೂರು ಸಣ್ಣ ಸೆಲ್‌ಗಳು ಒಂದು ಪ್ಲಾಸ್ಟಿಕ್ ಗೂಡಿನಲ್ಲಿ ಕೂರುತ್ತಿದ್ದವು. ಅಂಗಳದಲ್ಲಿ ಝಗಮಗಿಸಿದ ಅದು ಇಳಿಜಾರಿನ ಮೊದಲ ಗುಂಡಿಗೇ ಆರಿತು. ಏನಾಯಿತೆಂದು ತಿಳಿಯುವಷ್ಟರಲ್ಲಿ ನಾನು ಚರಂಡಿಯಲ್ಲಿದ್ದೆ. ಹಾಗಾಗಿ ಕೊಳ್ಳುವಾಗ ಟಾರ್ಚ್ ಉರಿಸಿ, ಅಂಗೈಗೆ ನಾಲ್ಕು ಸಲ ಜೋರಾಗಿ ಬಡಿಯಿರಿ. ಬೆಳಕು ಕಣ್ಣು ಮಿಟುಕಿಸಿದರೆ ಇದ್ದಲ್ಲೇ ಇಟ್ಟು ಬನ್ನಿ. ಒಂದೇ ದೊಡ್ಡ ಸೆಲ್, ಎರಡೂ ತುದಿಗೆ ಸ್ಪ್ರಿಂಗ್ ಇರುವುದು ಉತ್ತಮ. ಎಷ್ಟೋ ಟಾರ್ಚ್‌ಗಳಲ್ಲಿ ಸಂಪರ್ಕ ಅರೆಕ್ಷಣ ತಪ್ಪಿದರೂ ಬೆಳಕಿನ ಬಗೆ (ಜೋರು, ಮಂದ, ಮಿನುಗು) ಬದಲಾಗಿಬಿಡುತ್ತದೆ. ಉಬ್ಬು ಹತ್ತಿದೊಡನೆ ಪಟಪಟನೆ ಮಿನುಗತೊಡಗಿದರೆ ನಿಮಗೂ ದಾರಿ ಕಾಣದು, ಎದುರಿನವರಿಗೂ ಕಾಣದು. ಮಿನುಗುವ ಬಗೆಯೇ ಇಲ್ಲದ ಟಾರ್ಚ್ ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಿ.

ತಲೆಯನ್ನು ಹಿಂದೆ ಮುಂದೆ ಎಳೆಯುವ ಜೂಮ್ ಟಾರ್ಚ್ ನನಗೆ ಇಷ್ಟವಿಲ್ಲ. ಕಿರಿದು ಮಾಡಿದರೆ ರಸ್ತೆಯ ಮೇಲೆ ಒಂದು ಚೌಕ ಮಾತ್ರ ಬೆಳಗುತ್ತದೆ, ಅಕ್ಕಪಕ್ಕವೆಲ್ಲ ಕತ್ತಲು. ಜೂಮ್ ಇಲ್ಲದ ಟಾರ್ಚಿನಲ್ಲಿ ಬಲ್ಬಿನ ಸುತ್ತಲಿನ ಹೊಳೆಯುವ ಬಟ್ಟಲು ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದ್ದರೆ ಬೆಳಕು ಮೆತ್ತಗೆ ಹರಡುತ್ತದೆ. ರಸ್ತೆಯ ಅಂಚೂ ಕಾಣುತ್ತದೆ.

ಕಟ್ಟುವ ಮೊದಲು ಹಳೆಯ ಟ್ಯೂಬಿನ ಒಂದು ತುಂಡನ್ನು ಹ್ಯಾಂಡಲ್‌ಗೆ ಸುತ್ತಿ, ಅದರ ಮೇಲೆ ಬ್ರಾಕೆಟ್ ಬಿಗಿಯಿರಿ, ಜಾರುವುದಿಲ್ಲ. ಟಾರ್ಚಿನ ಬೆಳಕು ದುಂಡಗಿರುವುದರಿಂದ ನೇರವಾಗಿ ಹಿಡಿದರೆ ಮೇಲಿನ ಅರ್ಧ ಎದುರು ಬರುವವರ ಕಣ್ಣಿಗೆ ರಾಚುತ್ತದೆ. ಗೋಡೆಯಿಂದ ಐದು ಮೀಟರ್ ದೂರದಲ್ಲಿ ಸೈಕಲ್ ನಿಲ್ಲಿಸಿ, ಬೆಳಕಿನ ನಡುಬಿಂದು ಟಾರ್ಚಿನ ಎತ್ತರಕ್ಕಿಂತ ಒಂದು ಮೊಳ ಕೆಳಗೆ ಬೀಳುವಂತೆ ಬಾಗಿಸಿ.

ಮಳೆಯಲ್ಲಿ ಓಡಾಡುವುದಿದ್ದರೆ ಡಬ್ಬಿಯ ಮೇಲೆ ಐಪಿಎಕ್ಸ್4 (ಎಲ್ಲ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ ಎಂಬ ಗುರುತು) ಅಥವಾ ಅದಕ್ಕಿಂತ ಹೆಚ್ಚಿನದು ಇರಲಿ. ಹಿಂಬದಿಯ ಕೆಂಪು ದೀಪದ ಬಗ್ಗೆ ನೀವು ಕೇಳಿಲ್ಲ. ಟಾರ್ಚಿನಲ್ಲಿ ಉಳಿಸಿದ ದುಡ್ಡಿನಲ್ಲಿ ಮೊದಲು ಅದನ್ನು ಕೊಳ್ಳಿ.