ಮೈಸೂರಿನಿಂದ ಹುಬ್ಬಳ್ಳಿಗೆ ವಿಮಾನ: ಕೃಷಿ ಮೇಳಕ್ಕೆ ಹೊರಟವರಿಗೆ

ಸರ್, ಧಾರವಾಡದ ಕೃಷಿ ಮೇಳಕ್ಕೆ ಮೈಸೂರಿನಿಂದ ಹುಬ್ಬಳ್ಳಿವರೆಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳಿದ್ದೀರಿ. ಒಂದು ಆ್ಯಪ್ 45 ನಿಮಿಷ ಅನ್ನುತ್ತೆ, ಇನ್ನೊಂದು ಗಂಟೆ ದಾಟಿಸುತ್ತೆ ಅಂದಿರಿ. ಎರಡೂ ಸರಿಯೇ, ಲೆಕ್ಕ ಬೇರೆ ಬೇರೆ.

ದೂರ ನೀವೇ ತೆಗೆಯಬಹುದು. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ 12.23 ಡಿಗ್ರಿ ಅಕ್ಷಾಂಶದಲ್ಲಿದೆ, ಹುಬ್ಬಳ್ಳಿಯದು 15.36ರಲ್ಲಿ. ಡಿಗ್ರಿಗೆ ಸುಮಾರು 111 ಕಿ.ಮೀ. ಹಿಡಿದರೆ ಉತ್ತರಕ್ಕೆ 347 ಕಿ.ಮೀ. ರೇಖಾಂಶದ ವ್ಯತ್ಯಾಸದಿಂದ ಪಶ್ಚಿಮಕ್ಕೆ 170 ಬರುತ್ತೆ. ಶಾಲೆಯ ಪೈಥಾಗೊರಸ್ ಹಾಕಿ, ಸುಮಾರು 386 ಕಿ.ಮೀ. ರಸ್ತೆಯಲ್ಲಾದರೆ ನಾಲ್ಕು ನೂರು ದಾಟುತ್ತೆ.

ಇನ್ನು ಹೊತ್ತು. ಮಂಡಕಳ್ಳಿ ರನ್‌ವೇ 1,740 ಮೀಟರ್ ಅಷ್ಟೇ. ದೊಡ್ಡ ಜೆಟ್‌ಗಳಿಗೆ ಸಾಲದು, ಹಾಗಾಗಿ ಇಲ್ಲಿಗೆ ಬರೋದು ಎಟಿಆರ್ 72, ರೆಕ್ಕೆಯ ಮೇಲೆ ಫ್ಯಾನ್ ತಿರುಗುತ್ತಲ್ಲ, ಅದು. ಮೇಲೇರಿದ ಮೇಲೆ ಗಂಟೆಗೆ ಸುಮಾರು 500 ಕಿ.ಮೀ. ವೇಗ. 386ನ್ನು ಅದರಿಂದ ಭಾಗಿಸಿದರೆ 46 ನಿಮಿಷ. ಮೊದಲ ಆ್ಯಪ್ ಮಾಡಿದ್ದು ಇಷ್ಟೇ. ಆದರೆ ವಿಮಾನ ಹೊರಟ ಕೂಡಲೇ ಆ ವೇಗ ಹಿಡಿಯಲ್ಲ. ರನ್‌ವೇವರೆಗೆ ಉರುಳಬೇಕು, ನಿಧಾನಕ್ಕೆ ಏರಬೇಕು, ಇಳಿಯುವಾಗ ಸುತ್ತು ಹಾಕಿ ಸಾಲಿಗೆ ಬರಬೇಕು. ಟಿಕೆಟ್‌ನಲ್ಲಿ ಬರೆಯೋದು, ನಿಂತ ವಿಮಾನ ಉರುಳದಂತೆ ಚಕ್ರಕ್ಕೆ ಕೊಟ್ಟ ಅಡ್ಡೆ ತೆಗೆದಾಗಿನಿಂದ ಅಲ್ಲಿ ಮತ್ತೆ ಅಡ್ಡೆ ಕೊಡುವವರೆಗಿನ ಸಮಯ. ಅದಕ್ಕೇ ಒಂದು ಗಂಟೆ, ಒಂದೂಕಾಲು ಗಂಟೆ ಅಂತ ಬರೋದು. ನೀವು ನಂಬಬೇಕಾದ್ದು ಅದನ್ನೇ.

ಮನೆಯಿಂದ ಮೇಳದ ಗೇಟಿನವರೆಗೆ ಲೆಕ್ಕ ಹಾಕಿ. ಬ್ಯಾಗ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತೆ. ಹುಬ್ಬಳ್ಳಿಯಲ್ಲಿ ಇಳಿದು, ನಿಲ್ದಾಣ ಇರುವ ಗೋಕುಲ್ ರೋಡಿನಿಂದ ಊರೊಳಗಿನ ಹೊಸೂರಿಗೆ ಆಟೋ, ಅಲ್ಲಿಂದ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್. ಮೇಳ ನಡೆಯುವ ಕೃಷಿ ವಿಶ್ವವಿದ್ಯಾಲಯಕ್ಕೆ 20 ಕಿ.ಮೀ.ಗಿಂತ ಜಾಸ್ತಿ ಇದೆ. ಒಟ್ಟು ನಾಲ್ಕೂವರೆ, ಐದು ಗಂಟೆ ಆಗೇ ಆಗುತ್ತೆ. ಅದೂ ನಿಮ್ಮ ದಿನಕ್ಕೆ ನೇರ ವಿಮಾನ ಇದ್ದರೆ. ಸಣ್ಣ ಊರುಗಳ ನಡುವಿನ ವಿಮಾನ ಒಂದು ಸೀಸನ್ ಇರುತ್ತೆ, ಇನ್ನೊಂದು ಸೀಸನ್ ಇರಲ್ಲ. ಅದನ್ನು ಮೊದಲು ನೋಡಿ, ಆಮೇಲೆ ರಜೆ ಹಾಕಿ. ನೇರ ಇಲ್ಲ ಅಂತ ಬೆಂಗಳೂರು ಸುತ್ತಿ ಹೋಗೋದು ಸುಮ್ನೆ ದಂಡ. ದೇವನಹಳ್ಳಿ ಮುಟ್ಟೋದಕ್ಕೇ ನಾಲ್ಕು ಗಂಟೆ ಬೇಕು.

ನನ್ನನ್ನು ಕೇಳಿದರೆ, ಹೋಗುವಾಗ ಧಾರವಾಡದ ರಾತ್ರಿ ರೈಲು ಹತ್ತಿ. ಮಲಗಿ ಎದ್ದರೆ ಊರು ಬಂದಿರುತ್ತೆ. ಬರುವಾಗಲೂ ಸಸಿ ಕೊಳ್ಳುವ ಆಲೋಚನೆ ಇದ್ದರೆ ರೈಲೇ ವಾಸಿ. ವಿಮಾನದಲ್ಲಿ ಸಾಮಾನ್ಯವಾಗಿ 15 ಕೆಜಿ ಲಗೇಜು, ಕೈಚೀಲ 7 ಕೆಜಿ. ಪಾಲಿಬ್ಯಾಗಿನ ಒದ್ದೆ ಮಣ್ಣೇ ಅದನ್ನು ತಿಂದುಹಾಕುತ್ತೆ. ಬೀಜದ ಪೊಟ್ಟಣಕ್ಕೆ ತೊಂದರೆಯಿಲ್ಲ. ಸವರುವ ಕತ್ತರಿ ಕೈಚೀಲದಲ್ಲಿ ಬೇಡ, ಲಗೇಜಿಗೆ ಹಾಕಿ. ಕೀಟನಾಶಕ ಎರಡರಲ್ಲೂ ಬಿಡಲ್ಲ. ಪೆಟ್ರೋಲ್ ಹಾಕಿ ಓಡಿಸಿ ನೋಡಿದ ಸ್ಪ್ರೇಯರ್ ಕೂಡ ಬೇಡ. ಅರಸೀಕೆರೆ, ತಿಪಟೂರು ಕಡೆಯವರು ಯಾರಾದರೂ ಜೊತೆಗಿದ್ದರೆ ಹೇಳಿಬಿಡಿ, ನೆಂಟರಿಗೆ ಅಂತ ಒಣಕೊಬ್ಬರಿ ಲಗೇಜಿಗೆ ತುಂಬಬೇಡಿ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹಿಡಿಯುತ್ತೆ ಅಂತ ಸ್ಕ್ಯಾನರ್ ಹತ್ತಿರವೇ ತೆಗೆಸುತ್ತಾರೆ.